ಓವರ್‌ಟೈಮ್ ಗಂಟೆಗಳನ್ನು ಪ್ರಾಜೆಕ್ಟ್ ಪ್ಲಾನ್‌ಗೆ ಸೇರಿಸುವುದು ಹೇಗೆ?

ಯೋಜನೆಯ ಕೆಲಸ, ಸಮಯ, ಖರ್ಚಿನ ಲೆಕ್ಕ ಇಡುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ತಂತ್ರಾಂಶದಲ್ಲಿ ಓವರ್‌ಟೈಮ್ ದಾಖಲಿಸಲು ಹೊರಟವರು ಮೊದಲು ಮಾಡುವ ಕೆಲಸ, ಟಾಸ್ಕ್‌ನ ಒಟ್ಟು ಗಂಟೆ ತೋರಿಸುವ ವರ್ಕ್ ಕಾಲಂನಲ್ಲಿದ್ದ 40 ಗಂಟೆಯನ್ನು 48 ಮಾಡುವುದು. ಕೆಲಸ ಬೇಗ ಮುಗಿಯಲಿ ಎಂದು ಗಂಟೆ ಏರಿಸಿದರೆ, ಐದು ದಿನದ ಟಾಸ್ಕ್ ಆರು ದಿನಕ್ಕೆ ಹಿಗ್ಗಿ ಕೂರುತ್ತದೆ! ಕಾರಣ ಸರಳ: ಈ ತಂತ್ರಾಂಶದ ಲೆಕ್ಕದಲ್ಲಿ ಓವರ್‌ಟೈಮ್ ಎಂಬುದು ಒಟ್ಟು ಕೆಲಸದ ಒಳಗಿನ ಒಂದು ಪಾಲು, ಅದರ ಮೇಲಿನ ಹೆಚ್ಚುವರಿ ಅಲ್ಲ.

ಶುರು ಮಾಡಬೇಕಾದದ್ದು ದರದಿಂದ. ವ್ಯೂ ಟ್ಯಾಬ್‌ನಲ್ಲಿ ರಿಸೋರ್ಸ್ ಶೀಟ್ ತೆರೆಯಿರಿ. ಪ್ರತಿ ಸಿಬ್ಬಂದಿಯ ಸಾಲಿನಲ್ಲೂ ಸ್ಟ್ಯಾಂಡರ್ಡ್ ರೇಟ್, ಅದರ ಪಕ್ಕದಲ್ಲೇ ಓವರ್‌ಟೈಮ್ ರೇಟ್ ಇರುತ್ತದೆ; ಶೀರ್ಷಿಕೆಗಳು ಮೊಟಕಾಗಿ ಕಾಣುತ್ತವೆ, ಅಷ್ಟೇ. ಎರಡನೆಯದನ್ನು ತುಂಬದೆ ಬಿಟ್ಟರೆ ಅದು ಸೊನ್ನೆ. ಸಾಮಾನ್ಯ ದರವನ್ನೇ ತಂತ್ರಾಂಶ ತಾನಾಗಿ ಹಿಡಿದುಕೊಳ್ಳುವುದಿಲ್ಲ. ಬಜೆಟ್ ಏಕಾಏಕಿ ಇಳಿದಂತೆ ಕಂಡರೆ ಮೊದಲು ನೋಡಬೇಕಾದ ಜಾಗ ಇದು. ಹೆಚ್ಚುವರಿ ಗಂಟೆಗೆ ಬೇರೆ ಹಣ ಕೊಡದ, ತಿಂಗಳ ಸಂಬಳದ ನೌಕರರಿಗಾದರೆ ಸೊನ್ನೆಯೇ ಸರಿ.

ಇನ್ನು ಗಂಟೆ ತುಂಬುವುದು. ಟಾಸ್ಕ್ ಆಟೋ ಶೆಡ್ಯೂಲ್‌ನಲ್ಲಿರಲಿ, ಅಂದರೆ ದಿನಾಂಕಗಳನ್ನು ತಂತ್ರಾಂಶವೇ ಲೆಕ್ಕ ಹಾಕುವಂತಿರಲಿ. ಟಾಸ್ಕ್‌ಗಳನ್ನು ದಿನಾಂಕದ ಮೇಲೆ ಪಟ್ಟಿಗಳಾಗಿ ತೋರಿಸುವ ಗ್ಯಾಂಟ್ ಚಾರ್ಟ್‌ಗೆ ಹೋಗಿ, ವ್ಯೂ ಟ್ಯಾಬ್‌ನ ಡೀಟೇಲ್ಸ್ ಬಾಕ್ಸ್‌ಗೆ ಟಿಕ್ ಹಾಕಿ ಟಾಸ್ಕ್ ಫಾರ್ಮ್ ಆರಿಸಿದರೆ ತೆರೆ ಎರಡಾಗಿ ಸೀಳುತ್ತದೆ. ಮೇಲೆ ಟಾಸ್ಕ್ ಆಯ್ದು, ಕೆಳಗಿನ ಫಾರ್ಮ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ವರ್ಕ್ ಎಂಬುದನ್ನು ಒತ್ತಿ. ಆಗ ಓವರ್‌ಟೈಮ್ ವರ್ಕ್ ಕಾಲಂ ಕಾಣಿಸುತ್ತದೆ. ಅಲ್ಲಿ ಗಂಟೆ ಬರೆದು ಓಕೆ ಕೊಡಿ.

ಒಬ್ಬರೇ ದಿನಕ್ಕೆ 8 ಗಂಟೆಯಂತೆ ಮಾಡುವ 40 ಗಂಟೆಯ ಕೆಲಸ ಎಂದಿಟ್ಟುಕೊಳ್ಳಿ. ಓವರ್‌ಟೈಮ್ 8 ಎಂದು ಕೊಟ್ಟರೆ ಮಾಮೂಲಿ ಗಂಟೆ 32ಕ್ಕೆ ಇಳಿದು, ಟಾಸ್ಕ್ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ದಿನಕ್ಕೆ 2 ಗಂಟೆಯಂತೆ ಓವರ್‌ಟೈಮ್ ಹಂಚಿಹೋಗುತ್ತದೆ. ಗಂಟೆಗೆ ಸಾಮಾನ್ಯ ದರ 100, ಓವರ್‌ಟೈಮ್ ದರ 150 ಇದ್ದರೆ ಖರ್ಚು 3,200 ಮತ್ತು 1,200 ಸೇರಿ 4,400. ಓವರ್‌ಟೈಮ್ ದರ ಸೊನ್ನೆಯಾಗಿದ್ದರೆ ಅದೇ ಕೆಲಸಕ್ಕೆ ಬರೀ 3,200 ತೋರಿಸುತ್ತದೆ.

ಕೆಲಸವೇ ನಿಜಕ್ಕೂ 8 ಗಂಟೆ ಬೆಳೆದಿದ್ದು, ಗಡುವು ಮಾತ್ರ ಕದಲಬಾರದು ಎಂದಿದ್ದರೆ? ಆಗ ವರ್ಕ್ 48 ಮಾಡಿ, ಓವರ್‌ಟೈಮ್ 8 ಕೊಡಿ. ಮಾಮೂಲಿ ಗಂಟೆ 40 ಉಳಿದು ಐದು ದಿನ ಐದೇ ಆಗಿರುತ್ತದೆ. ವರ್ಕ್ ಏರಿಸುವುದಕ್ಕೆ ಅರ್ಥವಿರುವುದು ಇಂಥ ಸಂದರ್ಭದಲ್ಲಿ ಮಾತ್ರ.

ದುಡಿದಾದ ಮೇಲಿನ ಲೆಕ್ಕಕ್ಕೆ ಟಾಸ್ಕ್ ಯೂಸೇಜ್ ವ್ಯೂ ಬೇಕು. ಬಲಗಡೆಯ ದಿನವಾರು ಮನೆಗಳ ಮೇಲೆ ರೈಟ್ ಕ್ಲಿಕ್ ಮಾಡಿ ಡೀಟೇಲ್ ಸ್ಟೈಲ್ಸ್‌ನಿಂದ ಆಕ್ಚುವಲ್ ವರ್ಕ್ ಮತ್ತು ಆಕ್ಚುವಲ್ ಓವರ್‌ಟೈಮ್ ವರ್ಕ್ ಎರಡನ್ನೂ ಸೇರಿಸಿಕೊಳ್ಳಿ. ಸೋಮವಾರ 10 ಗಂಟೆ ದುಡಿದಿದ್ದರೆ ಮೊದಲ ಸಾಲಿನಲ್ಲಿ 10, ಅದರೊಳಗಿನ 2 ಎರಡನೆಯದರಲ್ಲಿ. ಬರೀ 10 ಬರೆದು ಬಿಟ್ಟರೆ ಅಷ್ಟೂ ಗಂಟೆ ಸಾಮಾನ್ಯ ದರಕ್ಕೇ ಹೋಗುತ್ತದೆ. ದಿನಕ್ಕೆ 8 ದಾಟಿತೆಂದು ತಂತ್ರಾಂಶ ಓವರ್‌ಟೈಮ್ ಎಣಿಸುವುದಿಲ್ಲ.

ಇಡೀ ತಂಡ ಒಂದು ಶನಿವಾರ ಸಾಮಾನ್ಯ ದರಕ್ಕೇ ಬರುತ್ತದೆ ಎಂದಾದರೆ ಈ ಯಾವ ತಾಪತ್ರಯವೂ ಬೇಡ. ಕೆಲಸದ ದಿನಗಳ ಕ್ಯಾಲೆಂಡರ್ ಬದಲಿಸುವ ಚೇಂಜ್ ವರ್ಕಿಂಗ್ ಟೈಮ್‌ನಲ್ಲಿ ಆ ದಿನವನ್ನು ಕೆಲಸದ ದಿನವೆಂದು ಗುರುತಿಸಿದರೆ ಸಾಕು.