ಅಪ್‌ಸ್ಕೇಲಿಂಗ್ ಟಿವಿ ಮಾಡಲಾ, ಪ್ಲೇಯರ್ ಮಾಡಲಾ?

ಹಳೇ ಡಿವಿಡಿ, ಎಸ್‌ಡಿ ಚಾನೆಲ್‌ಗಳನ್ನು 4ಕೆ ಟಿವಿಯಲ್ಲಿ ನೋಡುವವರು ಒಮ್ಮೆ ಸೆಟ್ಟಿಂಗ್ಸ್ ಗಮನಿಸಿ. ಪಾಲ್ (PAL, ನಮ್ಮ ದೇಶದ ಟಿವಿ ಮಾದರಿ) ಡಿವಿಡಿಯಲ್ಲಿ ಇರುವುದೇ 720×576 ಚುಕ್ಕಿ, ಪರದೆಗೆ ಬೇಕಾಗಿರುವುದು 3840×2160. ಈ ಹಿಗ್ಗಿಸುವ ಕೆಲಸವನ್ನು, ಅಂದರೆ ಅಪ್‌ಸ್ಕೇಲಿಂಗನ್ನು, ಪ್ಲೇಯರೂ ಮಾಡುತ್ತೆ, ಟಿವಿಯೂ ಮಾಡುತ್ತೆ, ಕೆಲವು ರಿಸೀವರ್‌ಗಳೂ (ಪ್ಲೇಯರ್ ಮತ್ತು ಟಿವಿ ನಡುವೆ ಕೂತು ಸ್ಪೀಕರ್‌ಗಳಿಗೆ ಸೌಂಡ್ ಕೊಡುವ ಪೆಟ್ಟಿಗೆ) ಮಾಡುತ್ತವೆ. ಆದಷ್ಟು ಒಂದೇ ಕಡೆ ಆಗಲಿ. ಪ್ಲೇಯರ್ 1080ಕ್ಕೆ ಏರಿಸಿ, ಅದನ್ನೇ ಟಿವಿ ಮತ್ತೆ 4ಕೆಗೆ ಎಳೆದರೆ ಮೊದಲ ಸಲ ಆದ ಎಡವಟ್ಟು ಇನ್ನೂ ಜಾಸ್ತಿ ಎದ್ದು ಕಾಣುತ್ತೆ, ಅಲ್ವಾ?

ನಾನಾದರೆ ಟಿವಿಗೇ ಬಿಡ್ತೀನಿ. ಪ್ಲೇಯರ್‌ನಲ್ಲಿ 'ಸೋರ್ಸ್ ಡೈರೆಕ್ಟ್' ಅಥವಾ 'ನೇಟಿವ್' (ಚಿತ್ರವನ್ನು ಹಿಗ್ಗಿಸದೆ ಇದ್ದ ಹಾಗೇ ಕಳಿಸುವ ಸೆಟ್ಟಿಂಗ್) ಇದ್ದರೆ ಅದನ್ನು ಹಾಕಿ, ರಿಸೀವರ್‌ನ ವಿಡಿಯೋ ಪ್ರೊಸೆಸಿಂಗ್ ಆಫ್ ಮಾಡಿ, ಅದು ಸೌಂಡ್ ನೋಡಿಕೊಂಡರೆ ಸಾಕು. ಟಿವಿ ಅಗ್ಗದ್ದು, ಬ್ಲೂ-ರೇ ಪ್ಲೇಯರ್ ಒಳ್ಳೇದು ಅಂದರೆ ಮಾತ್ರ ಉಲ್ಟಾ.

ಕ್ರಿಕೆಟ್ ಹಾಕಿ, ಕ್ಯಾಮೆರಾ ತಿರುಗುವಾಗ ಓರೆಯಾಗಿ ಬರುವ ಬೌಂಡರಿ ಹಗ್ಗ ನೋಡಿ. ಅದು ಗರಗಸದ ಹಲ್ಲಿನ ಹಾಗೆ ಕಂಡರೆ ಸೆಟ್‌ಟಾಪ್ ಬಾಕ್ಸ್ ಔಟ್‌ಪುಟ್ ಬದಲಿಸಿ ಮತ್ತೆ ನೋಡಿ. ಎಷ್ಟು ರೆಸಲ್ಯೂಶನ್ ಬರ್ತಿದೆ ಅಂತ ಟಿವಿ ರಿಮೋಟ್‌ನ ಇನ್ಫೋ ಬಟನ್ ಒತ್ತಿದರೆ ಸಾಮಾನ್ಯವಾಗಿ ಗೊತ್ತಾಗುತ್ತೆ.