ಬೀಜ ಹೊಡೆದ ಎತ್ತೇ ಗದ್ದೆ ಹೂಡೋದು: ನಾಲ್ಕನೇ ಸ್ಟೇಜಿನ ಜೊತೆ ನನ್ನ ಮೂರು ವರ್ಷ

ಮನೆಯವರು ನನಗೆ ಹೇಳಿದ್ದು ಮೂಳೆಯಲ್ಲಿ ಇನ್‌ಫೆಕ್ಷನ್ ಅಂತ. 2022ರ ಏಪ್ರಿಲ್ ಅದು. ಸಾಗರದಲ್ಲಿ ರಾತ್ರಿ ರೈಲು ಹತ್ತಿಸಿ, ಬೆಳಿಗ್ಗೆ ಬೆಂಗಳೂರಲ್ಲಿ ಇಳಿಸಿ, ಮಗ ಆಟೋದವನ ಕಿವಿ ಹತ್ತಿರ ಬಗ್ಗಿ ಮೆಲ್ಲಗೆ 'ಕಿದ್ವಾಯಿ' ಅಂದ. ಆಟೋದವನು ಊರಿಗೆಲ್ಲ ಕೇಳುವ ಹಾಗೆ, 'ಕಿದ್ವಾಯಿನಾ? ಯಾರಿಗೆ, ಇವರಿಗಾ?' ಅಂದ. ಗುಟ್ಟು ಅಲ್ಲಿಗೆ ಮುಗೀತು. ಕಿದ್ವಾಯಿ ಅಂದರೆ ಕ್ಯಾನ್ಸರ್ ಆಸ್ಪತ್ರೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? ಮಗ ಆಟೋದಲ್ಲಿ ನನ್ನ ಮುಖ ನೋಡಲೇ ಇಲ್ಲ. ನಾನೇ ಅವನ ತೊಡೆ ಮೇಲೆ ಕೈಯಿಟ್ಟು, ಇನ್ನು ಮುಂದೆ ರಿಪೋರ್ಟ್ ನನ್ನ ಕೈಗೇ ಕೊಡು ಅಂದೆ.

ಅದಕ್ಕೂ ಮೊದಲು ಐದು ತಿಂಗಳು ಸೊಂಟನೋವು ಅಂತ ಓಡಾಡಿದ್ದೆ. ಒಬ್ಬ ಡಾಕ್ಟರು ಬೆಲ್ಟ್ ಕೊಟ್ಟರು, ಇನ್ನೊಬ್ಬರು ಇಂಜೆಕ್ಷನ್ ಚುಚ್ಚಿದರು. ಅಡಿಕೆ ಕೊಯ್ಲಿನ ಕಾಲ, ಹೆಡಿಗೆ ಹೊತ್ತಿದ್ದಕ್ಕೇ ನೋವು ಅಂತ ನಾನೂ ನಂಬಿದ್ದೆ. ರಾತ್ರಿ ಮಲಗಿದಾಗ ನೋವು ಜಾಸ್ತಿ ಆಗೋದು. ಮೂತ್ರಕ್ಕೆ ನಾಲ್ಕೈದು ಸಲ ಏಳಬೇಕು. ಇವೆರಡನ್ನೂ ಒಟ್ಟಿಗೆ ಕೂಡಿಸಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ರಕ್ತದಲ್ಲಿ ಪಿಎಸ್‌ಎ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಬಿಡುವ ಪ್ರೋಟೀನು, ಎಷ್ಟಿದೆ ಅಂತ ನೋಡಿಸಿದಾಗ 312. ಸಾಮಾನ್ಯವಾಗಿ ನಾಲ್ಕರ ಒಳಗೆ ಇರಬೇಕಾದದ್ದು! ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬಂತು. ಬೋನ್ ಸ್ಕ್ಯಾನಿನಲ್ಲಿ ಬೆನ್ನುಮೂಳೆ, ಸೊಂಟ, ಎರಡು ಪಕ್ಕೆಲುಬು, ಎಲ್ಲ ಕಡೆ ಕಪ್ಪು ಚುಕ್ಕೆ. ಮೂಳೆಗೆ ಹರಡಿದೆ, ನಾಲ್ಕನೇ ಸ್ಟೇಜು ಅಂದರು. ಆಗ ನನಗೆ 61.

ಡಾಕ್ಟರ ವಿವರಣೆ ಸರಳವಾಗಿತ್ತು. ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಗೊಬ್ಬರ, ಗೊಬ್ಬರ ನಿಲ್ಲಿಸಿದರೆ ಅದು ಬಾಡುತ್ತೆ, ಆದರೆ ಪೂರ್ತಿ ಸಾಯಲ್ಲ. ಇದು ಹಳೇ ವಿದ್ಯೆಯಂತೆ. 1941ರಲ್ಲೇ ಚಾರ್ಲ್ಸ್ ಹಗಿನ್ಸ್ ಅನ್ನುವವರು ತೋರಿಸಿಕೊಟ್ಟಿದ್ದು, ಅದಕ್ಕೆ 1966ರಲ್ಲಿ ನೊಬೆಲ್ ಕೂಡ ಬಂತು ಅಂತ ಮಗ ಓದಿ ಹೇಳಿದ. ಗೊಬ್ಬರ ನಿಲ್ಲಿಸೋಕೆ ಎರಡು ದಾರಿ. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಬದುಕಿರುವಷ್ಟು ದಿನ. ಇಲ್ಲವೇ ಒಂದೇ ಸಲ ಆಪರೇಷನ್ ಮಾಡಿ ವೃಷಣ ತೆಗೆಯೋದು.

ಮಗನಿಗೆ ಇಂಜೆಕ್ಷನ್ನೇ ಆಗಲಿ ಅಂತ. ದುಡ್ಡು ನಾನು ಕೊಡ್ತೀನಿ ಅಪ್ಪಾ, ಅದೊಂದು ಬೇಡ ಅಂದ. ಹೆಂಡತಿ ಮಾತೇ ಆಡಲಿಲ್ಲ. ನಾನು ಒಂದು ರಾತ್ರಿ ಯೋಚಿಸಿದೆ. ನಮ್ಮಪ್ಪನ ಕಾಲದಲ್ಲಿ ಹೋರಿಗೆ ಬೀಜ ಹೊಡೆಸುವಾಗ ಹಗ್ಗ ಹಿಡಿದುಕೊಂಡವನು ನಾನು. ಬೀಜ ಹೊಡೆದ ಎತ್ತೇ ಅಲ್ವಾ ಗದ್ದೆ ಹೂಡೋದು? ಹಾಗೇ ಹೇಳಿದೆ. ಹೆಂಡತಿಗೆ ಎಷ್ಟೋ ದಿನದ ಮೇಲೆ ನಗು ಬಂತು, ನಗುತ್ತಲೇ ಅತ್ತಳು. ಆಪರೇಷನ್ ಆಯಿತು. ಇದು ನನ್ನ ಲೆಕ್ಕ ಅಷ್ಟೇ. ಇಂಜೆಕ್ಷನ್ನೇ ಸರಿ ಅನ್ನುವವರಿಗೆ ಅದೇ ಸರಿ. ಆದರೆ ಈ ವಿಷಯ ನಮ್ಮಲ್ಲಿ ಗಂಡಸರು ಬಾಯಿಬಿಟ್ಟು ಮಾತಾಡೋದೇ ಇಲ್ಲ. ನಾಚಿಕೊಂಡು ಸುಮ್ನೆ ತಲೆ ಆಡಿಸಿ ಬರ್ತಾರೆ. ಆಮೇಲೆ ಏನಾಗುತ್ತೆ ಅಂತ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಆಸೆ ಹೋಗುತ್ತೆ. ಕುಳಿತಲ್ಲೇ ಮೈಯೆಲ್ಲ ಉರಿ ಹತ್ತಿ ಬೆವರು ಇಳಿಯುತ್ತೆ, ಎರಡು ನಿಮಿಷಕ್ಕೆ ಚಳಿ. 'ನನಗೆ ನಲವತ್ತೆಂಟಕ್ಕೆ ಬಂದಿದ್ದು ನಿಮಗೆ ಅರವತ್ತೊಂದಕ್ಕೆ ಬಂತು, ಈಗ ಗೊತ್ತಾಯ್ತಾ' ಅಂತ ಹೆಂಡತಿ ಬೀಸಣಿಗೆ ಕೈಗೆ ಕೊಟ್ಟಳು. ಹೊಟ್ಟೆ ಬರುತ್ತೆ, ತೋಳು ತೊಡೆ ಕರಗುತ್ತೆ. ಮೂಳೆ ಟೊಳ್ಳಾಗುತ್ತೆ.

ಸೊಂಟದ ನೋವಿಗೆ ರೇಡಿಯೇಶನ್ ಒಂದೇ ಒಂದು ಸಲ ಕೊಟ್ಟರು. ಎರಡು ದಿನ ನೋವು ಇನ್ನೂ ಕೆರಳಿತು, ಮೋಸ ಹೋದೆ ಅಂದುಕೊಂಡೆ. ಆಮೇಲೆ ವಾರ ಎರಡು ವಾರದಲ್ಲಿ ಇಳಿಯುತ್ತಾ ಬಂತು. ಅದರ ಜೊತೆ ಅಬಿರಟೆರೋನ್ ಮಾತ್ರೆ ಶುರುವಾಯಿತು, ಉಳಿದ ಗೊಬ್ಬರವನ್ನೂ ತಡೆಯೋಕೆ. 250 ಮಿಲಿಗ್ರಾಮಿನದು ನಾಲ್ಕು, ಒಟ್ಟಿಗೆ, ಖಾಲಿ ಹೊಟ್ಟೆಗೆ. ಊಟದ ಜೊತೆ ತಗೊಂಡರೆ ಮೈಗೆ ಹತ್ತುವ ಪ್ರಮಾಣ ತುಂಬಾ ಏರುತ್ತೆ, ಅದಕ್ಕೇ ಈ ಕಟ್ಟುನಿಟ್ಟು. ಬೆಳಿಗ್ಗೆ ಐದಕ್ಕೆ ನೀರಿನ ಜೊತೆ ನುಂಗಿ, ಆರರವರೆಗೆ ಕಾಫಿ ಇಲ್ಲದೆ ಜಗಲಿಯಲ್ಲಿ ಕೂರೋದು. ಕಾಯಿಲೆಗಿಂತ ಆ ಒಂದು ಗಂಟೆ ಕಷ್ಟ ಅನ್ನಿಸಿದ್ದುಂಟು! ತಿಂಡಿ ಆದಮೇಲೆ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ತಿಂಗಳಿಗೊಮ್ಮೆ ಬಿಪಿ, ಪೊಟ್ಯಾಸಿಯಂ, ಲಿವರ್ ಟೆಸ್ಟ್. ಒಂದು ವಿಷಯ, ಇದೇ ಮಾತ್ರೆ ಬೇರೆ ಬೇರೆ ಕಂಪನಿಯದ್ದು ಬೇರೆ ಬೇರೆ ಬೆಲೆಗೆ ಸಿಗುತ್ತೆ, ಅಂತರ ಬಹಳ. ಚೀಟಿ ಹಿಡಿದು ಮೊದಲ ಅಂಗಡಿಯಲ್ಲೇ ಕೊಂಡುಬಿಡಬೇಡಿ, ಜನರಿಕ್ ಆದೀತಾ ಅಂತ ಡಾಕ್ಟರನ್ನೇ ಕೇಳಿ.

ಮೂಳೆಗೆ ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕುವ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಡ್ರಿಪ್ ಶುರುವಾದ ಮೇಲೆ ಹಲ್ಲು ಕಿತ್ತರೆ ದವಡೆ ಮೂಳೆ ಮಾಯದೆ ಕೊಳೆಯೋ ಅಪಾಯ ಇದೆಯಂತೆ. ನನ್ನ ಎರಡು ದವಡೆ ಹಲ್ಲು ಮೊದಲೇ ಕಿತ್ತರು. ಆ ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು, ಎಷ್ಟು ವರ್ಷದಿಂದ ಎಲೆಅಡಿಕೆ ಅಂತ ಕೇಳಿದರು. ನಾನು ಅಡಿಕೆ ಬೆಳೆಗಾರ, ಏನು ಹೇಳಲಿ? ಕಿದ್ವಾಯಿ ಕಾರಿಡಾರಿನಲ್ಲಿ ಕೆನ್ನೆ ಕತ್ತರಿಸಿಕೊಂಡ ಇಪ್ಪತ್ತೈದು ಮೂವತ್ತರ ಹುಡುಗರು ಮೂಗಿಗೆ ನಳಿಗೆ ಹಾಕಿಕೊಂಡು ಕೂತಿರುತ್ತಾರೆ. ಗುಟ್ಕಾ ಅಂತ ನಾವು ಬೆಳೆಗಾರರು ಪಕ್ಕಕ್ಕೆ ಸರೀತೀವಿ. ಆದರೆ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ನನ್ನದು ಪ್ರಾಸ್ಟೇಟು, ಬಾಯಿಯದ್ದಲ್ಲ, ನಿಜ. ಆದರೂ ಆ ಹುಡುಗರ ಎದುರು ಬೆಂಚಿನಲ್ಲಿ ಕೂತು ಈ ವರ್ಷ ರಾಶಿ ಅಡಿಕೆ ರೇಟ್ ಎಷ್ಟು ಅಂತ ಫೋನಿನಲ್ಲಿ ಮಾತಾಡೋಕೆ ನನಗೆ ಬಾಯಿ ಬರಲಿಲ್ಲ. ತೋಟ ಕಡಿದಿಲ್ಲ. ಎಲೆಅಡಿಕೆ ಬಿಟ್ಟೆ. ಅಷ್ಟೇ ಆಗಿದ್ದು.

ಈಗ ಮನೆಯವರ ವಿಷಯ. ಮೊದಲ ಮೂರು ತಿಂಗಳು ನನ್ನನ್ನು ಗಾಜಿನ ಗೊಂಬೆ ಮಾಡಿಟ್ಟರು. ಚೊಂಬು ಎತ್ತೋ ಹಾಗಿಲ್ಲ. ತೋಟಕ್ಕೆ ಇಳಿಯೋ ಹಾಗಿಲ್ಲ. ಸೊಸೆ ತಟ್ಟೆಯನ್ನು ಮಂಚಕ್ಕೇ ತಂದುಕೊಡ್ತಿದ್ದಳು. ಬಂದ ನೆಂಟರು ಬಾಗಿಲ ಹೊರಗೇ ದನಿ ಇಳಿಸಿ 'ಹ್ಯಾಂಗಿದಾರೆ' ಅಂತ ಕೇಳೋದು, ಒಳಗೆ ಬಂದು ಲಕ್ಷ್ಮಣಫಲದ ಎಲೆ ಕೊಡೋದು. ನಾಟಿ ಮದ್ದಿನ ಒತ್ತಾಯಕ್ಕಂತೂ ಲೆಕ್ಕವಿಲ್ಲ. ನಾನು ಡಾಕ್ಟರನ್ನು ಕೇಳಿದೆ. ಈ ಮಾತ್ರೆಯೇ ಲಿವರಿಗೆ ಭಾರ, ಅದರ ಮೇಲೆ ಏನು ಅಂತ ಗೊತ್ತಿಲ್ಲದ ಇನ್ನೊಂದನ್ನು ಸೇರಿಸಿದರೆ ಯಾವುದರಿಂದ ಏನಾಯ್ತು ಅಂತ ಹೇಳೋಕಾಗಲ್ಲ ಅಂದರು. ಸರಿ ಅನ್ನಿಸಿತು. ತಂದವರಿಗೆ ಬೇಜಾರಾಗಬಾರದು ಅಂತ ಹೆಂಡತಿ ಎಲ್ಲ ಇಸಿದುಕೊಂಡು ತೆಂಗಿನ ಬುಡಕ್ಕೆ ಹಾಕಿದಳು.

ಮಂಚದ ಮೇಲೆ ಕೂತು ನಾನು ನಿಜವಾಗಿಯೂ ಕುಗ್ಗಿದ್ದು ಆ ಮೂರು ತಿಂಗಳಲ್ಲಿ. ಚೆಕಪ್ಪಿಗೆ ಹೋದಾಗ ಫಿಸಿಯೋಥೆರಪಿಯ ಹುಡುಗಿ ಒಬ್ಬಳು, ಅಜ್ಜಾ ನೀವು ಕೂತಷ್ಟೂ ಮೈ ಕರಗುತ್ತೆ ಅಂದಳು. ನನ್ನ ಹೆಂಡತಿಯ ಎದುರಿಗೇ ಅಂದಳು, ಅದು ಒಳ್ಳೇದಾಯಿತು. ಭಾರ ಎತ್ತಬಾರದು, ಬಗ್ಗಿ ತಿರುಚಬಾರದು, ಬೀಳಬಾರದು, ಬಾಕಿ ಎಲ್ಲ ಮಾಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರೋದು, ದಿನಕ್ಕೆ ಮೂರು ಹೊತ್ತು. ಮೊದಲ ದಿನ ನಾಲ್ಕಕ್ಕೇ ತೊಡೆ ನಡುಗಿತು. ನಡಿಗೆ ಮೊದಲು ಕೊಟ್ಟಿಗೆವರೆಗೆ, ಆಮೇಲೆ ತೋಟದ ದಣಪೆವರೆಗೆ, ಈಗ ಕೆರೆ ಏರಿ ಮುಟ್ಟಿ ಬರ್ತೀನಿ. ಕೈಯಲ್ಲಿ ದೊಣ್ಣೆ ಇರುತ್ತೆ. ಮಳೆಗಾಲದಲ್ಲಿ ಸಂಕದ ಮೇಲೆ ಪಾಚಿ, ಅಲ್ಲಿ ಮಾತ್ರ ಹೋಗಲ್ಲ. ಕಾಲು ಜೋಮು ಹಿಡಿದರೆ, ಬಲ ಕಮ್ಮಿ ಅನ್ನಿಸಿದರೆ, ಮೂತ್ರ ಕಟ್ಟಿದರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿ ಒತ್ತಿದರೆ ಗಂಟೆಗಳ ಲೆಕ್ಕ. ಇದನ್ನು ಮನೆಯ ಎಲ್ಲರಿಗೂ ಹೇಳಿಟ್ಟಿದ್ದೀನಿ.

ಕೆಲಸ ಬೇಕು ಅಂತ ಜಗಳ ಆಡಿಯೇ ತಗೊಂಡೆ. ಅಡಿಕೆ ಸುಲಿಯೋಕೆ ಮಣೆ ಮೇಲೆ ನೆಲಕ್ಕೆ ಕೂತರೆ ಸೊಂಟ ಏಳಲ್ಲ. ಆಚಾರಿಯನ್ನು ಕರೆಸಿ ಮೆಟ್ಟುಗತ್ತಿಯನ್ನು ಬೆಂಚಿಗೆ ಕೂರಿಸಿಕೊಂಡೆ, ಕತ್ತಿಯ ಬಾಯಿ ಸರಿಯಾಗಿ ಎದೆಮಟ್ಟಕ್ಕೆ ಬರೋ ಹಾಗೆ, ನಾನು ಬೆನ್ನಿಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರೋ ಹಾಗೆ. ಎರಡು ಸಲ ಬಿಚ್ಚಿ ಮತ್ತೆ ಜಡಿಯಬೇಕಾಯಿತು. ಮೊದಲೆಲ್ಲ ದಿನಕ್ಕೆ ಮೂರು ಡಬ್ಬ ಸುಲೀತಿದ್ದವನು ಈಗ ಅರ್ಧ ಡಬ್ಬ. ಮೆಷಿನ್ ಹತ್ತು ನಿಮಿಷದಲ್ಲಿ ಮಾಡುತ್ತೆ ಅಪ್ಪಾ ಅಂತಾನೆ ಮಗ. ಮಾಡಲಿ, ಯಾರು ಬೇಡ ಅಂದರು? ನನ್ನ ಅರ್ಧ ಡಬ್ಬ ನನಗೆ ಬಿಡು.

ಚೆಕಪ್ಪಿಗೆ ಹೋಗುವುದು ಈಗಲೂ ನಾನು, ಹೆಂಡತಿ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವವರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯ ಸರ್ಟಿಫಿಕೇಟ್ ಹಿಡಿದು ಸ್ಟೇಷನ್ ಕೌಂಟರಿನಲ್ಲೇ ತಗೋಬೇಕು. ಮಗ ಕಾರು ಕಳಿಸ್ತೀನಿ ಅಂತಾನೆ. ಶಿವಮೊಗ್ಗದವರೆಗಿನ ರಸ್ತೆಯ ಕುಲುಕಾಟ ನನ್ನ ಸೊಂಟಕ್ಕೆ ಗೊತ್ತು. ರೈಲಿನಲ್ಲಿ ಬೇಕಾದಾಗ ಎದ್ದು ನಡೀಬಹುದು, ಮೂತ್ರಕ್ಕೆ ಗಾಡಿ ನಿಲ್ಲಿಸಿ ಅಂತ ಯಾರನ್ನೂ ಕೇಳಬೇಕಿಲ್ಲ.

312 ಇದ್ದ ಪಿಎಸ್‌ಎ 0.3ಕ್ಕೆ ಇಳಿದು ಎರಡು ವರ್ಷ ಅಲ್ಲೇ ಕೂತಿತ್ತು. ಈ ವರ್ಷ 0.9 ಆಯಿತು, ಮೊನ್ನೆ 2.1. ಸ್ಕ್ಯಾನ್ ಬರೆದಿದ್ದಾರೆ. ಮುಂದಿನದು ಡೋಸಿಟ್ಯಾಕ್ಸೆಲ್ ಕೀಮೋ ಇರಬಹುದು ಅಂದಿದ್ದಾರೆ. ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತೆ. ಐದು ಗಂಟೆಯಿಂದ ಆರು ಗಂಟೆವರೆಗೆ, ಕಾಫಿ ಇಲ್ಲದೆ ಕೂತಿರುವಾಗ, ಜಾಸ್ತಿ.

ಮಗ ರಜೆ ಹಾಕಿ ಬಂದಿದ್ದಾನೆ, ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸೋಕೆ. ಮಳೆ ಹಿಡಿಯೋ ಮುಂಚೆ ಮೊದಲ ಸುತ್ತು ಮುಗೀಬೇಕು. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಅಂತ ಫೋನಿನಲ್ಲಿ ನೋಡಿಕೊಂಡು ಕಲಸಿದ್ದ. ಸರಿಯಾಗಿದೆ ಅಪ್ಪಾ ಅಂದ. ಸುಣ್ಣ ಹಳೇದಾದರೆ ಆ ಲೆಕ್ಕ ನಿಲ್ಲಲ್ಲ. ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಸಿಕೊಂಡೆ. ಉಜ್ಜಿದ ಕತ್ತಿ ತರಿಸಿ ಮದ್ದಿನೊಳಗೆ ಅದ್ದಿ ಹಿಡಿದು, ಎತ್ತಿ ಬಿಸಿಲಿಗೆ ತೋರಿಸಿದೆ. ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. ಹೀಗೇ ಹೊಡೆದರೆ ಹಿಂಗಾರ, ಅಡಿಕೆಯ ಹೂಗೊಂಚಲು, ಸುಟ್ಟೀತು, ಇನ್ನೊಂದಿಷ್ಟು ಸುಣ್ಣ ಕದಡಿ ಹಾಕು ಅಂದೆ. ಹಾಕಿದ. ಮತ್ತೆ ಅದ್ದಿದೆ.