ಇಪ್ಪತ್ತು ವರ್ಷದ ಗೃಹಸಾಲವನ್ನು ಏಳು ವರ್ಷಕ್ಕೆ ತೀರಿಸಿದ ಬಗೆ

ರಾಯಚೂರಿನ ಸರ್ಕಾರಿ ಕಚೇರಿಯೊಂದರಲ್ಲಿ ನೌಕರನಾಗಿರುವ ನಾನು 2018ರಲ್ಲಿ ಮನೆ ಕಟ್ಟಲು 20 ಲಕ್ಷ ರೂಪಾಯಿ ಸಾಲ ಪಡೆದೆ. ಬಡ್ಡಿದರ ಶೇ 8.5, ಅವಧಿ 20 ವರ್ಷ, ತಿಂಗಳ ಕಂತು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಂದದ್ದು 3,189 ರೂಪಾಯಿ ಮಾತ್ರ. ಹಾಗೆಯೇ ಕಟ್ಟುತ್ತ ಹೋದರೆ ಬಡ್ಡಿಯ ಮೊತ್ತ ಅಸಲನ್ನೂ ಮೀರಿ 21 ಲಕ್ಷ ದಾಟುತ್ತಿತ್ತು. ಆದರೆ ಆರಂಭದಲ್ಲೇ ಒಂದು ಲಕ್ಷವನ್ನು ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿ, ಕಂತನ್ನು ಇಳಿಸದೆ ಮುಂದುವರಿದರೆ ಕೊನೆಯ 28 ತಿಂಗಳ ಕಂತುಗಳೇ ಇಲ್ಲವಾಗುತ್ತವೆ ಎಂಬುದು ಲೆಕ್ಕ ಹಾಕಿದಾಗ ತಿಳಿಯಿತು. ನಮ್ಮ ಮನೆಯ ಮಿತವ್ಯಯಕ್ಕೆ ಗುರಿಯೊಂದು ಸಿಕ್ಕಿದ್ದು ಈ ಲೆಕ್ಕದಿಂದ. ಉಳಿದ ಹಣ ಉಳಿತಾಯ ಖಾತೆಯಲ್ಲಿ ಕುಳಿತರೆ ಅದು ಹಬ್ಬಕ್ಕೋ ಮದುವೆಗೋ ಕರಗುತ್ತದೆ. ಅದೇ ತಿಂಗಳು ಸಾಲದ ಖಾತೆಗೆ ಹೋದರೆ ಮಾತ್ರ ಬಡ್ಡಿ ತಗ್ಗುತ್ತದೆ.

ಖರ್ಚನ್ನು ಬಿಗಿಹಿಡಿದದ್ದು ಮೊದಲು ಅಡುಗೆಮನೆಯಲ್ಲಿ. ನಮ್ಮದು ಜೋಳದ ರೊಟ್ಟಿ ಉಣ್ಣುವ ಮನೆ. ಹಿಂಗಾರಿನ ಬಿಳಿಜೋಳ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಬರುವ ಸಮಯದಲ್ಲಿ ವರ್ಷಕ್ಕಾಗುವಷ್ಟನ್ನು ಒಮ್ಮೆಗೇ ಕೊಳ್ಳತೊಡಗಿದೆವು. ತಂದ ಜೋಳವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಒಂದು ಕಾಳನ್ನು ಹಲ್ಲಿಗೆ ಕೊಟ್ಟಾಗ ಮೆತ್ತಗಾಗದೆ ಕಟ್ಟನೆ ಒಡೆಯುವವರೆಗೆ ಒಣಗಿಸುತ್ತಿದ್ದೆವು. ತಣ್ಣಗಾದ ಮೇಲೆ ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಪದರು ಪದರಾಗಿ ಹಾಕಿ ತಗಡಿನ ಡಬ್ಬಿಗೆ ತುಂಬಿದರೆ ಮುಂದಿನ ಸುಗ್ಗಿಯವರೆಗೂ ಹುಳು ಬೀಳುವುದಿಲ್ಲ. ಬಿಸಿ ಆರುವ ಮೊದಲೇ ಮುಚ್ಚಳ ಹಾಕಿದರೆ ಒಳಗೆ ಬೆವರು ಕಟ್ಟುತ್ತದೆ, ಅಷ್ಟು ಎಚ್ಚರ ಬೇಕು. ತೊಗರಿಯನ್ನು ಸುಗ್ಗಿಯ ನಂತರ ಪರಿಚಯದ ರೈತರಿಂದ, ಸೋನಾ ಮಸೂರಿಯನ್ನು ಸಿಂಧನೂರು ಕಡೆಯ ಮಿಲ್ಲಿನಿಂದ ಮೂಟೆಗಟ್ಟಲೆ ತರುತ್ತಿದ್ದೆವು. ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ಊಟ ಬಡ ಊಟವೆಂದು ನಮಗೆ ಎಂದೂ ಅನಿಸಿಲ್ಲ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಎಸಿ ಬೇಡವೆನ್ನುವುದು ಸುಲಭವಲ್ಲ. ನಾವು ಪ್ರತಿ ಬೇಸಿಗೆಯ ಮುನ್ನ ಮಾಳಿಗೆಗೆ ಸುಣ್ಣ ಬಳಿದೆವು, ಪಡುವಣ ಕಿಟಕಿಗೆ ಚಾಪೆ ಕಟ್ಟಿದೆವು, ಒಂದು ಕೂಲರ್ ಇಟ್ಟುಕೊಂಡೆವು. ಇಲ್ಲಿಯ ಗಾಳಿ ಒಣದಾದ್ದರಿಂದ ನೀರು ಬೇಗ ಆವಿಯಾಗಿ ಕೂಲರ್ ಚೆನ್ನಾಗಿ ತಂಪು ಕೊಡುತ್ತದೆ. ಕರಾವಳಿಯಲ್ಲಿ ಈ ಉಪಾಯ ನಡೆಯದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಜೆಸ್ಕಾಂ ವಿದ್ಯುತ್ ಬಿಲ್ಲಿನ ಹಣವೂ ಸಾಲಕ್ಕೆ ಹೋಯಿತು.

ಕೈ ಹಚ್ಚದ ಖರ್ಚುಗಳೂ ಇದ್ದವು. ಆರೋಗ್ಯ ವಿಮೆ, ಮಗಳ ಶಾಲೆಯ ಶುಲ್ಕ, ಆರು ತಿಂಗಳ ಖರ್ಚಿನಷ್ಟು ಆಪದ್ಧನ ಮತ್ತು ಬಳಗದ ಮದುವೆಗಳ ಆಯೇರಿ, ಇವನ್ನು ನಾವು ಮುಟ್ಟಲಿಲ್ಲ. ಸಾಲ ತೀರಿಸುವ ಹಟದಲ್ಲಿ ಬಂಧುಗಳ ಮನೆಗೆ ಬರಿಗೈಯಲ್ಲಿ ಹೋಗುವುದು ನನಗೆ ಸರಿಕಾಣುವುದಿಲ್ಲ. ಸುಕನ್ಯಾ ಸಮೃದ್ಧಿ ಖಾತೆಯನ್ನೂ ನಿಲ್ಲಿಸಲಿಲ್ಲ, ಏಕೆಂದರೆ ಅದರ ಬಡ್ಡಿಗೆ ತೆರಿಗೆಯಿಲ್ಲ. ಬ್ಯಾಂಕ್ ಠೇವಣಿಯ ಮಾತು ಬೇರೆ: ಅದರ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ, ಮೇಲಾಗಿ ತೆರಿಗೆಗೂ ಒಳಪಡುತ್ತದೆ. ಆದ್ದರಿಂದ ಹಳೆಯ ಠೇವಣಿಗಳು ಮುಗಿದಂತೆಲ್ಲ ಅಸಲಿಗೆ ಕಟ್ಟಿದೆವು.

ಸಾಲಕ್ಕೆ ದೊಡ್ಡ ಹೊಡೆತ ಕೊಟ್ಟದ್ದು ಸಂಬಳದ ಏರಿಕೆ. ತುಟ್ಟಿಭತ್ಯೆಯ ಬಾಕಿ, ವಾರ್ಷಿಕ ವೇತನ ಬಡ್ತಿ, 2023ರ ಏಪ್ರಿಲ್‌ನಿಂದ ದೊರೆತ ಶೇ 17ರ ಮಧ್ಯಂತರ ಪರಿಹಾರ, 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಹೆಚ್ಚಳ, ಇವೆಲ್ಲವನ್ನೂ ಮನೆಖರ್ಚಿಗೆ ಸೇರಿಸದೆ ನೇರವಾಗಿ ಸಾಲಕ್ಕೆ ತಿರುಗಿಸಿದೆವು. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಇಳಿದರೆ ನಮ್ಮ ಬಡ್ಡಿಯೂ ಇಳಿಯುತ್ತದೆ, ಏರಿದರೆ ಏರುತ್ತದೆ. 2020ರಲ್ಲಿ ಅದು ಶೇ 4ಕ್ಕೆ ಇಳಿದಾಗಲೂ ಕಂತನ್ನು ತಗ್ಗಿಸಿಕೊಳ್ಳಲಿಲ್ಲ. 2022ರ ಮೇ ತಿಂಗಳಿನಿಂದ ಏರಿ 2023ರ ಫೆಬ್ರುವರಿಯಲ್ಲಿ ಅದು ಶೇ 6.5 ಮುಟ್ಟಿದಾಗ, ಬ್ಯಾಂಕು ಅವಧಿಯನ್ನು ಹಿಗ್ಗಿಸುವ ಮೊದಲೇ ಕಂತನ್ನು ಏರಿಸುವಂತೆ ಬರೆದುಕೊಟ್ಟೆ.

ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಆದರೂ ಪ್ರತಿ ಪಾವತಿಯ ಜೊತೆ "ಕಂತು ಹಾಗೇ ಇರಲಿ, ಅವಧಿ ಇಳಿಸಿ" ಎಂಬ ಅರ್ಜಿ ಕೊಡಲೇಬೇಕು. ಒಮ್ಮೆ ನಮ್ಮ ಶಾಖೆಯಲ್ಲಿ ಅವಧಿಯನ್ನು ಹಾಗೇ ಬಿಟ್ಟು ಕಂತನ್ನು ಇಳಿಸಿಬಿಟ್ಟಿದ್ದರು. ಅರ್ಜಿಯ ಸ್ವೀಕೃತಿ ಪ್ರತಿ ಕೈಯಲ್ಲಿದ್ದುದರಿಂದ ಸರಿಪಡಿಸಿದರು. ಪಾವತಿಯ ಮರುತಿಂಗಳು ಖಾತೆ ವಿವರ ತೆಗೆಸಿ, ಉಳಿದ ಅಸಲನ್ನೂ ಉಳಿದ ಕಂತುಗಳನ್ನೂ ಹೆಂಡತಿಯ ಲೆಕ್ಕದ ಪುಸ್ತಕದೊಂದಿಗೆ ತಾಳೆ ನೋಡುವುದು ನಮ್ಮ ರೂಢಿಯಾಯಿತು.

2025ರಲ್ಲಿ ಕೊನೆಯ ಪಾವತಿ ಮುಗಿಯಿತು. ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪತ್ರಗಳನ್ನು ಪುಟಪುಟವಾಗಿ ಎಣಿಸಿ ಪಡೆದು, ಬಾಕಿಯಿಲ್ಲವೆಂಬ ಪತ್ರ ಬರೆಸಿಕೊಂಡೆವು. ನಂತರ ಉಪನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆಯನ್ನು ನೋಂದಾಯಿಸಿ, ಆ ಬಿಡುಗಡೆಯ ನಮೂದು ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸಿದ ಮೇಲೆಯೇ ಸಾಲದ ಕಡತವನ್ನು ಮುಚ್ಚಿದೆವು.